ಮುಚ್ಚಳದ ಮೇಲಿನ ಚಮಚ

ಪಣಜಿ
೧೮ ಜುಲೈ ೨೦೨೫

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಧಾರವಾಡ ಮುಟ್ಟಿದ ಮೇಲೆ ಮೊಣಕಾಲು ಹೇಗಿದೆ? ಮೊಲೆಂ ದಾಟಿ ಘಾಟಿನಲ್ಲಿ ತಲೆ ಸುತ್ತಲಿಲ್ಲ ತಾನೇ? ನಿಮ್ಮ ಮಗ ಫೋನಿನಲ್ಲಿ ಕೇಳಿದರೆ ‘ಎಲ್ಲಾ ಚಲೋ ಅದ’ ಎಂದಿರಂತೆ. ನಿಮ್ಮ ಚಲೋ ನನಗೆ ಗೊತ್ತು. ಎಣ್ಣೆ ಹಚ್ಚಿಕೊಳ್ಳಿ.

ಇನ್ನು ಸುದ್ದಿ. ಅತ್ತೆ, ನನ್ನ ಲೆಕ್ಕ ಕೂಡಿತು! ಕಣಗಳು ಡಿಕ್ಕಿ ಹೊಡೆದಾಗ ಭಾರವಾದ ಹೊಸ ಕಣಗಳು ಎಷ್ಟು ಹುಟ್ಟುತ್ತವೆ ಎಂದು ಮೊದಲೇ ಹೇಳುವುದು ನನ್ನ ಕೆಲಸ ತಾನೇ? ಆಗ ಗ್ಲೂಆನ್ ಎಂಬ ಕಣಗಳೂ ಸಿಡಿಯುತ್ತವೆ. ತೀರ ಕಡಿಮೆ ಶಕ್ತಿಯವನ್ನು ‘ಮೃದು’ ಎನ್ನುತ್ತೇವೆ. ಅವನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಉತ್ತರ ಹಿಡಿತಕ್ಕೆ ಸಿಗುವುದಿಲ್ಲ. ಮುಗಿಯದ ಆ ಸಾಲನ್ನೆಲ್ಲ ಒಟ್ಟಾಗಿ ಕೂಡಿಸಬೇಕು. ಕೂಡಿಸಿದ್ದೆ. ಆದರೂ ಉತ್ತರ ಪ್ರಯೋಗದವರು ಅಳೆದದ್ದಕ್ಕಿಂತ ಕಡಿಮೆಯೇ ಬರುತ್ತಿತ್ತು. ಈ ತಿಂಗಳಲ್ಲಿ ಸರಿಹೋಗದಿದ್ದರೆ ಪ್ರಬಂಧ ಕೈಬಿಡಿ ಎಂದು ನಮ್ಮ ಮೇಡಂ ಹೇಳಿದ್ದರು. ಅದು ಹೋದರೆ ನನ್ನ ಫೆಲೋಶಿಪ್ಪೂ ಹೋದಂತೆಯೇ. ಅದಕ್ಕೇ ನೀವಿದ್ದಾಗಲೆಲ್ಲ ಮುಖ ಗಂಟು ಹಾಕಿಕೊಂಡಿರುತ್ತಿದ್ದೆ.

ನೀವು ಬಂದ ಹೊಸದರಲ್ಲಿ ನಾವಿಬ್ಬರೂ ಸಾರಿಗೆ ಉಪ್ಪು ಹಾಕಿ, ನಿಮ್ಮ ಮಗ ಸುಧೀರ ಮುಖ ಸೊಟ್ಟ ಮಾಡಿದ್ದು ನೆನಪಿದೆಯೇ? ಅಂದೇ ನೀವು ಕಾನೂನು ಮಾಡಿದಿರಿ: ‘ಉಪ್ಪ ಹಾಕಿದವರು ಚಮಚಾ ಮುಚ್ಚಳದ ಮ್ಯಾಲೆ ಅಡ್ಡ ಇಡಬೇಕವಾ.’ ನಿನ್ನೆ ಉಪ್ಪಿನ ಡಬ್ಬಿಗೆ ಕೈ ಹಾಕುವಾಗ ನೋಡುತ್ತೇನೆ, ಚಮಚ ಅಡ್ಡ ಕೂತಿದೆ. ನಿಮ್ಮ ಮಗ ಆಗಲೇ ಹಾಕಿದ್ದಾರೆ! ನಗು ಬಂತು, ಮರುಗಳಿಗೆ ನನ್ನ ಲೆಕ್ಕ ನೆನಪಾಯಿತು. ಮೊದಲ ಒಂದೆರಡು ಗ್ಲೂಆನ್‌ಗಳವರೆಗೆ ಮಾತ್ರ ಮಾಡಿದ್ದ ನಮ್ಮ ಹಳೆಯ ಲೆಕ್ಕಕ್ಕೆ ಮೃದು ಗ್ಲೂಆನ್‌ಗಳ ಮೊತ್ತ ಸೇರಿಸುವಾಗ, ಎರಡರಲ್ಲೂ ಇರುವ ಭಾಗವನ್ನು ಒಮ್ಮೆ ಕಳೆಯಬೇಕು. ನಾನು ಕಳೆದಿದ್ದೆ. ಹಳೆಯ ಲೆಕ್ಕ ನೋಡಿಕೊಳ್ಳುವ ಜೊತೆಗಾರ ಮಿಲಿಂದನಿಗೆ ಫೋನು ಮಾಡಿದೆ. ‘ಹೌದ್ರಿ, ನಾನೂ ಕಳದೇನಿ. ನೀವು ಮರ್ತಿರಬೇಕು ಅಂದ್ಕೊಂಡೆ’ ಎಂದ. ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಎರಡು ಸಲ ಕಳೆದದ್ದರಲ್ಲಿ ಒಂದನ್ನು ಬಿಟ್ಟು ಮತ್ತೆ ಲೆಕ್ಕ ಓಡಿಸಿದೆವು, ಉತ್ತರ ಅಳತೆಯ ಪಕ್ಕಕ್ಕೇ ಬಂದು ಕೂತಿತು. ಮೇಡಂ ಕೂಡ ಒಪ್ಪಿದರು. ಇಂದು ಹೊಟ್ಟೆ ತುಂಬ ಉಂಡೆ.

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಚಹಾಕ್ಕೆ ಸಕ್ಕರೆ ಕಡಿಮೆ ಇರಲಿ.

ನಿಮ್ಮ
ಸುಹಾಸಿನಿ

ತಾ.ಕ.: ಬಸ್ಸು ಹತ್ತುವಾಗ ‘ನಾ ಇದ್ರ ನಿನಗ ತೊಂದರಿ’ ಎಂದಿರಿ. ಅದಕ್ಕೆ ನನ್ನ ಉತ್ತರ ಇದು. ಪ್ರಬಂಧದ ಕೊನೆಯ ಕೃತಜ್ಞತೆಯಲ್ಲಿ ಗೌರಿಬಾಯಿ ಎಂದು ನಿಮ್ಮ ಹೆಸರು ಹಾಕಿದ್ದೇನೆ. ‘ಯಾವ ಸಂಸ್ಥಾದವರ್ರಿ ಇವರು?’ ಎಂದು ಮಿಲಿಂದ ಕೇಳಿದ. ‘ನಮ್ಮ ಮನಿಯವರು’ ಎಂದೆ. ಬಂದುಬಿಡಿ, ಅತ್ತೆ.