ಹೆಸರುಗಳು ಮುಗಿಯುವ ತನಕ

ನವೆಂಬರ್ 9, ಶನಿವಾರ
ಸಬ್‌ಟೈಟಲ್ ಮತ್ತೊಮ್ಮೆ ನೋಡಿದೆ. ಇನ್ನೂ ಎರಡು ತಪ್ಪು. ಕಾಫಿ ಆರಿತು.
ಉಪ್ಪಲ್‌ನ ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ನನ್ನ ಸಿನಿಮಾ ತೋರಿಸುತ್ತಾರಂತೆ. ಇಪ್ಪತ್ತಾರು ನಿಮಿಷದ್ದು. ಕೊರಿಯಾ, ಜಾರ್ಜಿಯಾ, ಪೋರ್ಚುಗಲ್‌ನ ಚಿತ್ರೋತ್ಸವಗಳಲ್ಲಿ ಆಯಿತು. ಹೈದರಾಬಾದಿನಲ್ಲಿ ಇದೇ ಮೊದಲು.
ಮೆಹದಿಪಟ್ಟಣಂಗೆ ಹೋಗಿ ತುಳಸಾಬಾಯಿಗೆ ಹೇಳಿದೆ. ಸಿನಿಮಾ ಅವರದೇ ಕಥೆ — ಈಗ ಮುಚ್ಚಿರುವ ಟಾಕೀಸಿನಲ್ಲಿ ಮೂವತ್ತೊಂದು ವರ್ಷ ಟಾರ್ಚ್ ಹಿಡಿದು ಹೆಂಗಸರಿಗೆ ಸೀಟು ತೋರಿಸಿದವರು.
"ಒಂದ್ ಪಿಕ್ಚರೂ ಕಡೀತನಕ ನೋಡಿಲ್ಲ ತಂಗಿ. ಮುಗಿಯೂದ್ರಾಗ ಬಾಗ್ಲಾ ತಗೀಬೇಕಿತ್ತು. ಇದನ್ನರ ಪೂರಾ ತೋರಿಸ್ತೀಯಿಲ್ಲ?"
ತೋರಿಸ್ತೀನಿ ಕಾಕೂ ಅಂದೆ. ನಾನು ಅವರನ್ನು ಕರೆಯುವುದು ಹಾಗೇ, ಚಿಕ್ಕಮ್ಮ ಎಂದು.

ನವೆಂಬರ್ 24, ಭಾನುವಾರ, ಮಧ್ಯಾಹ್ನ 2.30
ನಡೆದದ್ದಷ್ಟೇ ಬರೆಯುತ್ತೇನೆ.
ಹತ್ತೂವರೆಗೆ ಸಿನಿಮಾ ಎಂದಿದ್ದರು. ಮೊದಲು ಐದು ಭಾಷಣ. ಆಮೇಲೆ ನನಗೆ ಶಾಲು, ಹಣ್ಣಿನ ಬುಟ್ಟಿ; ಸಿನಿಮಾ ಜೊತೆ ನಾನು ಸುತ್ತಿದ ದೇಶಗಳ ಪಟ್ಟಿ ಓದಿದರು. ಹೋಗದ ಎರಡು ದೇಶವನ್ನೂ ಸೇರಿಸಿದ್ದರು. "ಉದಯೋನ್ಮುಖ ನಿರ್ದೇಶಕಿ ಸಂಪದಾ"... ನಲವತ್ತೊಂದು ನನಗೆ!
ತುಳಸಾಬಾಯಿ ಕೊನೆಯ ಸಾಲಿನಲ್ಲಿ, ಇಳಕಲ್ ಸೀರೆ ಉಟ್ಟು. ಅವರ ಹೆಸರನ್ನು ಒಬ್ಬರೂ ಎತ್ತಲಿಲ್ಲ.
12.40ಕ್ಕೆ ಸಿನಿಮಾ ಶುರು. ಒಂದಕ್ಕೆ ಸರಿಯಾಗಿ ಲೈಟ್ ಹಾಕಿದರು. ಹಾಲ್ ಬೇರೆಯವರಿಗೆ ಬುಕ್ ಆಗಿದೆಯಂತೆ. ಇನ್ನು ಆರೇ ಆರು ನಿಮಿಷ ಇತ್ತು!
ಕಾರ್ಯದರ್ಶಿ ಸೂರ್ಯಕಾಂತರ ಜೊತೆ ಜಗಳಕ್ಕೆ ನಿಂತೆ. ನಕ್ಕರು. "ಪಿಕ್ಚರ್ ಮೊಬೈಲ್‌ನ್ಯಾಗೂ ನೋಡಬಹುದ್ರಿ ಮೇಡಂ. ಸನ್ಮಾನ ನೋಡಾಕ ಆಗ್ತೈತೇನ್ರಿ?"
ತಿರುಗಿದರೆ ತುಳಸಾಬಾಯಿ ಆಗಲೇ ಎದ್ದಿದ್ದರು. ಜನ ಹೋಗಲೆಂದು ಬಾಗಿಲು ತೆಗೆದು ಹಿಡಿದು ನಿಂತಿದ್ದರು.

ನವೆಂಬರ್ 25
ಕೂಟಕ್ಕೆ ಪತ್ರ ಬರೆದೆ. ಎರಡು ಪುಟ. ಮೊದಲ ಸಾಲು: "ಯಾರ ಬದುಕನ್ನು ತೋರಿಸಿದಿರೋ ಅವರ ಹೆಸರು ಹೇಳುವಷ್ಟು ಸೌಜನ್ಯ ನಿಮಗಿಲ್ಲ." ಒಂದಕ್ಷರವೂ ಬದಲಿಸುವುದಿಲ್ಲ. ಕೈಯಾರೆ ಕೊಟ್ಟು ಬರುತ್ತೇನೆ.

ಡಿಸೆಂಬರ್ 1, ಭಾನುವಾರ
ಬೆಳಗ್ಗೆ ಲ್ಯಾಪ್‌ಟಾಪ್ ಹಿಡಿದು ಮೆಹದಿಪಟ್ಟಣಂ. ಅಲ್ಲಿಂದ ನೇರ ಉಪ್ಪಲ್‌ಗೆ, ಪತ್ರ ಕೊಡಲು — ಎಂದುಕೊಂಡಿದ್ದೆ.
ಪೂರಾ ನೋಡಿದರು. ಎರಡು ಸಲ ನಕ್ಕರು, ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಗೀತು ಕಾಕೂ ಎಂದು ಮುಚ್ಚಹೋದೆ.
"ತಡಿ ತಂಗಿ. ಹೆಸರು ಬರಾಕತ್ತಾವ."
ಕನ್ನಡಕ ಏರಿಸಿಕೊಂಡು, ಬೆರಳಿಟ್ಟು ಒಂದೊಂದೇ ಓದಿದರು. ಕ್ಯಾಮೆರಾ. ಸೌಂಡ್. ಪೋರ್ಚುಗಲ್‌ನ ಗೆಳೆಯರು. ಎಡಿಟಿಂಗ್ ವೇಳೆ ಮಡಿಲಲ್ಲಿ ಮಲಗಿದ್ದ ನನ್ನ ಬೆಕ್ಕು ಕೂಡ. ಪರದೆ ಕಪ್ಪಾಯಿತು.
"ಆತೇನು?"
ಹೂಂ.
"ನಂದು ಎಲ್ಲಿ ಬರ್ತೈತಿ?"
ಆ ಪಟ್ಟಿ ನಾನೇ ಟೈಪ್ ಮಾಡಿದ್ದು. ಮೂರು ದೇಶಗಳಲ್ಲಿ ಕೂತು ನೋಡಿದ್ದೇನೆ, ಅವರ ಹೆಸರಿಲ್ಲದ್ದು ಕಂಡಿರಲಿಲ್ಲ. ಸಿನಿಮಾ ತುಂಬ ಅವರು ಬರೀ 'ಕಾಕೂ'.
ಪತ್ರ ಬ್ಯಾಗಿನಲ್ಲೇ ಇತ್ತು. ಉಪ್ಪಲ್‌ಗೆ ಹೋಗಲಿಲ್ಲ; ಅಲ್ಲೇ ಕೂತು ಪಟ್ಟಿಯ ಮೊದಲ ಸಾಲಿಗೆ 'ತುಳಸಾಬಾಯಿ' ಎಂದು ಟೈಪ್ ಮಾಡಿದೆ.