ಅಭಿಜಿತನ ಕಾಲುವೆ

ಜನವರಿ ೯, ಶುಕ್ರವಾರ. ಮುನವಳ್ಳಿ.

ತಮ್ಮ ಅಭಿಜಿತನ ಫೋನು ಇವತ್ತೂ ಬರಲಿಲ್ಲ. ಹಾಲೆಂಡಿನಲ್ಲಿ ಅವನಿರುವ ದೋಣಿಮನೆಯ ಸುತ್ತ ಕಾಲುವೆ ಹೆಪ್ಪುಗಟ್ಟಿದೆ. ಫೋಟೊ ಕಳಿಸಿ, "ಅಕ್ಕಾ, ಇದರ ಚಿತ್ರಾ ತಗಿ. ನಾಳೆ ಇದರ ಮ್ಯಾಲ ನಡಕೋತ ಆಚಿ ದಂಡಿಗೆ ಹೋಗ್ತೇನಿ," ಅಂದಿದ್ದ. ಆಮೇಲೆ ಸುದ್ದಿಯೇ ಇಲ್ಲ.

ಚಿತ್ರದಲ್ಲಿ ದೋಣಿಗಳೇನೋ ಚೆನ್ನಾಗಿ ಬಂದವು. ಮಂಜುಗಡ್ಡೆ ಮಾತ್ರ ಎಷ್ಟು ತಿದ್ದಿದರೂ ನಮ್ಮ ಮಲಪ್ರಭೆಯ ನೀರಿನಂತೆ ಅಲುಗಾಡುತ್ತದೆ. ಅದರ ಮೇಲೆ ಯಾರೂ ಕಾಲಿಡಲಾರರು. ಮತ್ತೆ ಮತ್ತೆ ಬಿಳಿ ಬಳಿದೆ.

ಅವನು ನಡೆಯುತ್ತೇನೆಂದದ್ದನ್ನು ನಾನು ಅವ್ವನಿಗೆ ಹೇಳಿರಲಿಲ್ಲ. ಸಂಜೆ ಅವಳು ನನ್ನ ಬೆನ್ನ ಹಿಂದೆ ಬಂದು ಬಹಳ ಹೊತ್ತು ಚಿತ್ರ ನೋಡಿದಳು.

"ಗೌತಮಿ, ಅಂವಾ ನನಗೂ ಹೇಳ್ಯಾನ. ಇನ್ನೊಂದು ಕೈ ಬಳಿಯವ್ವಾ, ದಪ್ಪ ಆಗ್ಲಿ."

ಬಳಿದೆ. ಇನ್ನೂ ತೆಳ್ಳಗೇ ಕಾಣುತ್ತಿದೆ, ಇನ್ನೂ ಒಂದು ಕೈ ಬಳಿಯಬೇಕು.