ವಾರ್ಡನ್ ಮಿಸ್ ನೋಡದ ಕಾಗದ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಸಾರಿ, ಕಾಗದ ಬರೆಯುತ್ತಿರುವುದಕ್ಕೇ ಸಾರಿ. ನೈಟ್ ಡ್ಯೂಟಿ ಮುಗಿಸಿ ಬಂದು ಕಾಲು ಚಾಚುವ ಹೊತ್ತಿಗೆ ಇದು ಕೈಗೆ ಸಿಕ್ಕರೆ ನಿನಗೆ ಗಾಬರಿಯಾಗುತ್ತದೆ. ನನಗೆ ಜ್ವರ ಇಲ್ಲ, ಫೇಲೂ ಆಗಿಲ್ಲ. ಸುಸ್ತು, ಅಷ್ಟೇ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಹಿಡಿದ ಕೂಡಲೇ ಬಾಯಿಂದ "ಚೆನ್ನಾಗಿದೀನಿ, ಊಟ ಆಯ್ತು" ಅಂತ ಬಂದು, ಮುಂದಿನದನ್ನು ಹೇಳದೆ ಫೋನ್ ಇಟ್ಟುಬಿಡುತ್ತೇನೆ.

ವಿಷಯ ಇಷ್ಟು: ತಂಗಿಯನ್ನು, ಸದಾ ಕುಯ್ಯೋ ಅನ್ನುವ ನಮ್ಮ ಪಿಟೀಲನ್ನು, ನನ್ನ ಹಳೇ ಸ್ಕೂಲಿನ ಹಾಸ್ಟೆಲಿಗೆ ಸೇರಿಸಬೇಡ. ಸೀಟು ಸಿಕ್ಕಿದೆ ಎಂದು ನೀನು ಮೊನ್ನೆ ಹೇಳಿದಾಗ ನಾನು "ಹೂಂ" ಅಂದೆನಲ್ಲ, ಆ "ಹೂಂ" ವಾಪಸ್ ತೆಗೆದುಕೊಂಡಿದ್ದೇನೆ. "ನೀನೇ ಅಷ್ಟು ಖುಷಿಯಾಗಿದ್ಯಲ್ಲೇ, ನಿನ್ನ ಕಾಗದ ಒಂದೂ ಬಿಸಾಕಿಲ್ಲ, ಎಲ್ಲ ಇಟ್ಟಿದೀನಿ" ಎಂದು ನೀನು ಅಂದೆ. ಆ ಕಾಗದಗಳ ಕಥೆಯನ್ನೇ ಹೇಳಬೇಕು.

ಆ ಸ್ಕೂಲ್ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಸ್ಟಡಿ ಹಾಲಿನಲ್ಲಿ ಎಲ್ಲರೂ ಮನೆಗೆ ಬರೆಯಬೇಕಿತ್ತು. ಬರೆದದ್ದನ್ನು ವಾರ್ಡನ್ ಮಿಸ್ ಕೆಂಪು ಪೆನ್ಸಿಲ್ ಹಿಡಿದು ಓದುತ್ತಿದ್ದರು. ಬೇಡವೆನಿಸಿದ ಕಡೆ ಗೆರೆ ಎಳೆದು, "ಇದನ್ನ ಓದಿ ಅಮ್ಮ ಅಳ್ಬೇಕಾ? ಹೋಗು, ನೀಟಾಗಿ ಕಾಪಿ ಮಾಡ್ಕೊಂಡು ಬಾ" ಅನ್ನುತ್ತಿದ್ದರು. ಒಮ್ಮೆ ಜ್ವರ ಬಂದಾಗ ನಾನು ಬರೆದದ್ದು, ಸಿಕ್ ರೂಮಿನಲ್ಲಿ ಒಬ್ಬಳೇ ಮಲಗಿದ್ದೆ, ಹೊರಗಿನಿಂದ ಚಿಲಕ ಹಾಕಿದ್ದರು, ಕೂಗಿದರೂ ಯಾರೂ ಬರಲಿಲ್ಲ, ಹಾಲು ಬಿಸಿಯಾಗಿತ್ತು ಎಂದು. ನಿನಗೆ ತಲುಪಿದ್ದು, ಹಾಲು ಬಿಸಿಯಾಗಿತ್ತು ಎಂದು. "ಅಂತೂ ಹಾಲು ಕುಡಿಯೋದು ಕಲಿತ್ಯಲ್ಲ, ಜಾಣೆ!" ಎಂದು ನೀನು ಉತ್ತರ ಬರೆದಿದ್ದೆ. ಆಮೇಲಾಮೇಲೆ ಕೆಂಪು ಪೆನ್ಸಿಲ್ಲಿಗೆ ನಾನು ಕೆಲಸವನ್ನೇ ಕೊಡಲಿಲ್ಲ.

ಈಗ ಯಾಕೆ ಇದೆಲ್ಲ ಅನ್ನುತ್ತೀಯ. ಈ ವಾರ ಇಲ್ಲಿ ಕಾಲೇಜಿನ ಬಯಾಲಜಿ ಕ್ಲಾಸಿನಲ್ಲಿ ಮೆಸೆಂಜರ್ ಆರ್‌ಎನ್‌ಎ ಪಾಠ ಆಯಿತು. ಜೀವಕೋಶದೊಳಗೆ ನ್ಯೂಕ್ಲಿಯಸ್ ಅಂತ ಒಂದು ಕೋಣೆ. ಯಾವ ಪ್ರೋಟೀನ್ ಹೇಗೆ ಕಟ್ಟಬೇಕು ಅನ್ನುವ ಸಂದೇಶದ ನಕಲು ಅಲ್ಲಿ ತಯಾರಾಗುತ್ತದೆ, ಕಟ್ಟುವ ಕೆಲಸ ಹೊರಗೆ. ಆದರೆ ನಕಲು ಹಸಿಹಸಿಯಾಗಿ ಹೊರಗೆ ಹೋಗುವ ಹಾಗಿಲ್ಲ. ತಲೆಗೊಂದು ಟೋಪಿ ಹಾಕಬೇಕು, ತುದಿಗೆ ಉದ್ದ ಬಾಲ ಸೇರಿಸಬೇಕು, ನಡುನಡುವಿನ ಬೇಡದ ತುಂಡು ಕತ್ತರಿಸಿ ಉಳಿದದ್ದನ್ನು ಜೋಡಿಸಬೇಕು. ಆಮೇಲೇ ಗೋಡೆಯ ರಂಧ್ರದಿಂದ ಆಚೆಗೆ. ಅರ್ಧಂಬರ್ಧ ಆದದ್ದನ್ನು ಕೋಶ ಒಳಗೇ ತಡೆದು ಚೂರು ಮಾಡಿಬಿಡುತ್ತದೆ. "ಗೇಟ್ ಪಾಸ್ ಇಲ್ದೆ ಯಾರನ್ನೂ ಬಿಡಲ್ಲ" ಎಂದು ಮೇಡಂ ಹೇಳಿದ್ದಕ್ಕೆ ಕ್ಲಾಸೆಲ್ಲ ನಕ್ಕಿತು. ನಾನು ನೋಟ್ಸಿನ ಅಂಚಿನಲ್ಲಿ ಬರೆದುಕೊಂಡೆ, ಟೋಪಿ: ಪ್ರೀತಿಯ ಅಮ್ಮಾ, ಬಾಲ: ನಿನ್ನ ಮುದ್ದಿನ ಮಗಳು.

ಕಾಲೇಜಿಗೆ ಬಂದ ಮೇಲೆ ಮೊದಲ ಸಲ ಕೈ ಎತ್ತಿದೆ. ಬೇಕಾದ ತುಂಡನ್ನೇ ಕತ್ತರಿಸಿದರೆ ಏನಾಗುತ್ತೆ ಎಂದು ಕೇಳಿದೆ. ಮೇಡಂ ನಗಲಿಲ್ಲ. "ಬೇರೆ ಪ್ರೋಟೀನೇ ಆಗುತ್ತಮ್ಮ. ಕೆಲವು ಸಲ ಕೋಶ ಬೇಕಂತಲೇ ಹಾಗೆ ಮಾಡುತ್ತೆ, ಒಂದೇ ನಕಲಲ್ಲಿ ಎರಡು ಥರದ ಕೆಲಸ ತೆಗೆಯುತ್ತೆ. ತಪ್ಪಿ ಆದ್ರೆ ಕಾಯಿಲೆ. ಹೊರಗೆ ಕಟ್ಟೋರಿಗೆ ಒಳಗೆ ಏನು ಕತ್ತರಿಸಿದ್ರು ಅಂತ ಹೇಗೆ ಗೊತ್ತಾಗ್ಬೇಕು? ಬಂದಿದ್ದನ್ನ ನಂಬಿ ಕಟ್ತಾರೆ" ಅಂದರು.

ಬಂದದ್ದನ್ನು ನಂಬಿ ನೀನೂ ಕಟ್ಟಿದೆ ಅಮ್ಮಾ, ಹಾಸ್ಟೆಲಿನಲ್ಲಿ ಖುಷಿಯಾಗಿದ್ದ ಒಬ್ಬ ಮಗಳನ್ನು. ನಿನ್ನ ಮೇಲೆ ಕೋಪ ಇಲ್ಲ. ಆದರೆ ಆ ಮಗಳ ಭರವಸೆಯ ಮೇಲೆ ಪಿಟೀಲನ್ನು ಕಳಿಸಬೇಡ. ನಿನ್ನ ಕಿವಿ ಹಿಡಿದುಕೊಂಡು ಮಲಗುವವಳು ಅವಳು. ನಿನಗೆ ನೈಟ್ ಡ್ಯೂಟಿ ಇದ್ದಾಗ ದೊಡ್ಡಮ್ಮನ ಮನೆಯಲ್ಲಿ ಇರಲಿ. ದೊಡ್ಡಮ್ಮ ಗೊರಕೆ ಹೊಡೆಯುತ್ತಾರೆ. ಹೊಡೆಯಲಿ, ಪಕ್ಕದಲ್ಲಿ ಯಾರೋ ಇದ್ದಾರೆ ಅಂತಾದರೂ ಗೊತ್ತಾಗುತ್ತದೆ.

ನಗಬೇಡ, ಈ ಕಾಲೇಜ್ ಹಾಸ್ಟೆಲಿಗೆ ಬಂದ ಹೊಸದರಲ್ಲಿ ನಿನಗೆ ಬರೆದ ಕಾಗದವನ್ನು ಅಂಟಿಸದೆ ಹಾಸ್ಟೆಲ್ ಆಫೀಸಿಗೆ ಒಯ್ದು, ಕೈ ಕಟ್ಟಿ ನಿಂತಿದ್ದೆ. ಅಲ್ಲಿನ ಗುಮಾಸ್ತರು ಕನ್ನಡಕ ಏರಿಸಿ, "ಏನಮ್ಮಾ ಇದು?" ಅಂದರು. ಚೆಕ್ ಮಾಡೋಕೆ ಅಂದೆ. "ನಿಮ್ಮಮ್ಮಂಗೆ ಬರೆದಿದ್ದನ್ನ ನಾನ್ಯಾಕಮ್ಮ ಓದ್ಲಿ? ನಂಗೆ ನಮ್ಮನೆ ರಾಮಾಯಣವೇ ಸಾಕಾಗಿದೆ. ಅಂಟಿಸಿ ಡಬ್ಬಕ್ಕೆ ಹಾಕು" ಅಂದರು. ರೂಮಿಗೆ ಬಂದು ಅತ್ತೆ. ಹಾಗೆ ಅತ್ತೂ ಅದೇ ಕಾಗದವನ್ನೇ ಹಾಕಿದೆ. ಅದರಲ್ಲಿ ಎಲ್ಲ ಚೆನ್ನಾಗಿದೆ ಎಂದೇ ಇತ್ತು.

ಇದನ್ನು ಕಾಪಿ ಮಾಡಿಲ್ಲ. ಹೊಡೆದುಹಾಕಿದ ಸಾಲುಗಳೂ ಹಾಗೇ ಇವೆ, ಅವನ್ನೂ ಓದು.

ನಿನ್ನ
ದೊಡ್ಡ ಮಗಳು

ತಾ.ಕ.: ನಿನ್ನೆ ನೀನು ಸ್ನಾನಕ್ಕೆ ಹೋಗಿದ್ದಾಗ ಪಿಟೀಲು ನಿನ್ನ ಫೋನಿನಿಂದ ನನಗೆ ಕಾಲ್ ಮಾಡಿದ್ದಳು. "ಅಕ್ಕಾ, ಅಲ್ಲಿ ರಾತ್ರಿ ಲೈಟ್ ಆರಿಸ್ತಾರಾ?" ಎಂದು ಪಿಸುಗುಟ್ಟಿದಳು. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ ಅಮ್ಮಾ, ಕೆಂಪು ಪೆನ್ಸಿಲೂ ಇರಲಿಲ್ಲ. "ಇಲ್ಲ ಕಣೇ, ಅಲ್ಲಿ ಎಲ್ಲ ಚೆನ್ನಾಗಿರುತ್ತೆ" ಎಂದುಬಿಟ್ಟೆ. ಆರಿಸುತ್ತಾರೆ ಎಂದು ನೀನೇ ಅವಳಿಗೆ ಹೇಳು. ಅವಳನ್ನು ಕಳಿಸುವುದಿಲ್ಲ ಎಂದು ನನಗೆ ಬರಿ. ಬೇಗ ಬರಿ.